ನಂದಿನಾಗರಿಯ ಬರಹ, ಕನ್ನಡದ ರುಜು

ಕಲ್ಯಾಣದುರ್ಗದ ಶಾಖೆಯಲ್ಲಿ ನಾನು ಕೌಂಟರಿನಲ್ಲಿ ಕೂರುತ್ತಿದ್ದ ಕಾಲದ ಒಂದು ಸಣ್ಣ ಸಂಗತಿಯಿಂದ ಶುರು ಮಾಡುತ್ತೇನೆ. ರಾಯದುರ್ಗದ ಕಡೆಯ ಹಳ್ಳಿಯಿಂದ ಬಂದ, ಎಪ್ಪತ್ತು ದಾಟಿದ ರೈತರೊಬ್ಬರು ಹಣ ತೆಗೆಯುವ ಫಾರಂ ಕೊಟ್ಟರು. ಬಿತ್ತನೆ ಕಡಲೆಕಾಯಿಗೆ ದುಡ್ಡು ಬೇಕಾಗಿತ್ತು. ಫಾರಂ ಅನ್ನು ಯಾರೋ ಹುಡುಗ ತೆಲುಗಿನಲ್ಲಿ ತುಂಬಿಕೊಟ್ಟಿದ್ದ. ಕೆಳಗಿನ ರುಜು ಮಾತ್ರ ಕನ್ನಡದ್ದು. ಸ್ಲೇಟಿನ ಮೇಲೆ ತಿದ್ದಿ ಕಲಿತ, ಒತ್ತಿ ಒತ್ತಿ ಬರೆದ ದುಂಡು ಅಕ್ಷರ. ಕರಾವಳಿ ಆಂಧ್ರದಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ನಮ್ಮ ಅಧಿಕಾರಿ ಅದನ್ನು ನೋಡಿ, "ತಲೆಕಟ್ಟೇ ಸರಿಯಾಗಿ ಹಾಕಿಲ್ಲವಲ್ಲ, ತೆಲುಗು ತಪ್ಪು ಬರೆದಿದ್ದಾರೆ, ಮಾದರಿ ರುಜುವಿಗೆ ಹೊಂದುತ್ತದೆಯೇ ನೋಡಿ" ಎಂದರು. ಅವರು ಕೆಟ್ಟವರಲ್ಲ. ತೆಲುಗಿನ ತಲೆಕಟ್ಟು ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಅಡ್ಡ ಮಲಗುತ್ತದೆ. ಅಷ್ಟೇ ವ್ಯತ್ಯಾಸ ಕಂಡವರಿಗೆ ಅದು ತಪ್ಪಾದ ತೆಲುಗಿನಂತೆಯೇ ಕಾಣುತ್ತದೆ. ಹಳೆಯ ಕಾರ್ಡು ಹುಡುಕಿ ತೆಗೆದೆ. ಅದರಲ್ಲೂ ಅದೇ ಅಕ್ಷರ, ಅದೇ ಒತ್ತು. "ಅಜ್ಜಾ, ಬರಹವೆಲ್ಲ ತೆಲುಗಿನಲ್ಲಿದೆ, ರುಜು ಮಾತ್ರ ಯಾಕೆ ಕನ್ನಡದಲ್ಲಿ?" ಎಂದು ಸುಮ್ಮನೆ ಕೇಳಿದೆ. "ಲೆಕ್ಕ ತೆಲುಗಲ್ಲೇ ಇರ್ಲಿ ಸಾಮಿ, ರುಜು ನಂದಲ್ವಾ" ಎಂದರು. ಹಣ ಎಣಿಸಿಕೊಂಡು ಹೋದರು.

ಆ ಮಾತು ಅಂದಿಗೆ ನನಗೆ ದೊಡ್ಡದೆನಿಸಲಿಲ್ಲ. ಹಿಂದೂಪುರಕ್ಕೆ ವರ್ಗವಾಗಿ ಬಂದ ಮೇಲೆ, ಬೇರೆ ಕಾರಣಕ್ಕೆ ಅದು ಮತ್ತೆ ನೆನಪಾಯಿತು.

ನನ್ನ ಹೆಂಡತಿಯ ದೊಡ್ಡಪ್ಪನವರ ಮನೆ ಹಿಂದೂಪುರದ ಹಳೆಯ ಪೇಟೆಯಲ್ಲಿದೆ. ಮಾಧ್ವರ ಮನೆ; ಒಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ದೇವರ ಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಕಾಗದದ ಕಟ್ಟು ಇದೆ. ನವರಾತ್ರಿಯ ಸರಸ್ವತಿ ಪೂಜೆಯ ದಿನ ಹೊರಗೆ ಬರುತ್ತದೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮರುದಿನ ಒಳಗೆ ಹೋಗುತ್ತದೆ. ಅದನ್ನು ಬಿಚ್ಚಿ ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವನು ಎಂಬ ಒಂದೇ ಸಲಿಗೆಯಿಂದ ಕೇಳಿದೆ. ದೊಡ್ಡಪ್ಪನವರು ಹಿಂದೆ ಮುಂದೆ ನೋಡಿ ಕೊಟ್ಟರು. "ನಾಗರಿಯಲ್ಲೇ ಇದೆ ಅಳಿಯಂದ್ರೇ. ಆದರೆ ನಮ್ಮ ತಾತನ ತಾತಂದು ಸ್ವಲ್ಪ ಕೆಟ್ಟ ಕೈ. ತಲೆಕಟ್ಟೇ ಕೂಡಿಸಿಲ್ಲ" ಎಂದರು.

ತಲೆಕಟ್ಟು! ಕಲ್ಯಾಣದುರ್ಗದ ಅಧಿಕಾರಿ ಹೇಳಿದ್ದೂ ಅದೇ ಮಾತು. ಹಿಂದಿ, ಸಂಸ್ಕೃತ ಪುಸ್ತಕಗಳ ದೇವನಾಗರಿಯಲ್ಲಿ ಒಂದು ಪದದ ಅಕ್ಷರಗಳೆಲ್ಲ ಮೇಲಿನ ಒಂದೇ ಗೆರೆಗೆ, ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ, ಜೋತುಬಿದ್ದಿರುತ್ತವೆ. ಈ ಕಟ್ಟಿನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ತುಂಡು ಗೆರೆ, ನಡುವೆ ಜಾಗ. ಕೆಲವು ಅಕ್ಷರಗಳು ನಾಗರಿಯಂತೆ ಕಂಡು ಮುಂದಿನ ಕ್ಷಣವೇ ಕೈಕೊಡುತ್ತವೆ. ಅದು ಕೆಟ್ಟ ಕೈಬರಹವಲ್ಲ, ಬೇರೆ ಲಿಪಿಯೇ ಎಂದು ನನಗೆ ತಿಳಿಯಲು ಎರಡು ವಾರ ಬೇಕಾಯಿತು. ಅದು ನಂದಿನಾಗರಿ.

ನಾಗರಿ ಲಿಪಿಯ ದಕ್ಷಿಣದ ಕವಲು ಇದು. ಕನ್ನಡ, ತೆಲುಗು ನೆಲದಲ್ಲಿ ಸಂಸ್ಕೃತ ಬರೆಯಲು ಶತಮಾನಗಳ ಕಾಲ ಬಳಕೆಯಾಯಿತು. ಮಾಧ್ವ ಮಠಗಳಲ್ಲಿ, ಪಂಡಿತರ ಮನೆಗಳಲ್ಲಿ ಗ್ರಂಥಗಳ ಪ್ರತಿ ತೆಗೆಯುವುದು ಇದರಲ್ಲೇ ನಡೆಯುತ್ತಿತ್ತು. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಂಥ ಕಡೆ ಇಂಥ ಹಸ್ತಪ್ರತಿಗಳ ಸಂಗ್ರಹವಿದೆ. ಹೆಸರಿನಲ್ಲಿ ನಂದಿ ಇರುವುದರಿಂದ ನಮ್ಮ ಊರಿನವರಿಗೆ ತಕ್ಷಣ ಲೇಪಾಕ್ಷಿಯ ಬಸವಣ್ಣನ ನೆನಪಾಗುತ್ತದೆ. ಆ ಏಕಶಿಲೆಯ ಬಸವನಿಗೂ ಈ ಹೆಸರಿಗೂ ಗಂಟು ಹಾಕುವ ಆಧಾರ ಯಾವುದೂ ನನಗೆ ಕಂಡಿಲ್ಲ. ಆದರೆ ಲೇಪಾಕ್ಷಿಯನ್ನು ಕಟ್ಟಿಸಿದವರ ಕಾಲಕ್ಕೂ ಈ ಲಿಪಿಗೂ ಸಂಬಂಧ ಇದ್ದೇ ಇದೆ.

ಲೇಪಾಕ್ಷಿಯ ವೀರಭದ್ರ ದೇವಾಲಯ ಪೆನುಕೊಂಡೆಯ ಅಧಿಕಾರಿ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಕಟ್ಟಿಸಿದ್ದು. ವಿಜಯನಗರದ ಅಚ್ಯುತರಾಯ ಆಳುತ್ತಿದ್ದ ಕಾಲ, ಅಂದರೆ ೧೫೨೯ರಿಂದ ೧೫೪೨ರ ನಡುವೆ. ಅಲ್ಲಿಯ ಗೋಡೆಯ ಮೇಲೆ ಕನ್ನಡ ಶಾಸನಗಳಿವೆ. ಯಾವ ಹಳ್ಳಿ ಬಿಟ್ಟರು, ಯಾವ ಸೇವೆಗೆ ಎಷ್ಟು, ಎಲ್ಲವೂ ಕನ್ನಡ ಅಕ್ಷರದಲ್ಲಿ, ಕನ್ನಡ ಮಾತಿನಲ್ಲಿ. ಅದೇ ಅಚ್ಯುತರಾಯ ತಾಮ್ರಪಟದ ಮೇಲೆ ದಾನ ಕೊಟ್ಟಾಗ ಬರಹ ಸಂಸ್ಕೃತದಲ್ಲಿ, ಲಿಪಿ ನಂದಿನಾಗರಿಯಲ್ಲಿ. ಗೋಡೆ ಊರವರು ಓದುವುದಕ್ಕೆ. ತಾಮ್ರಪಟ ಪೆಟ್ಟಿಗೆಯಲ್ಲಿಟ್ಟು ವ್ಯಾಜ್ಯ ಬಂದಾಗ ತೆಗೆಯುವುದಕ್ಕೆ.

ವಿಜಯನಗರದ ತಾಮ್ರಪಟಗಳನ್ನು ನಾನು ಮೊದಲು ಗಮನವಿಟ್ಟು ನೋಡಿದ್ದು ಬ್ಯಾಂಕ್ ಗುಮಾಸ್ತನ ಕಣ್ಣಿನಿಂದಲೇ ಎಂದು ಒಪ್ಪಿಕೊಳ್ಳಬೇಕು. ಅವು ಶುದ್ಧ ದಸ್ತಾವೇಜುಗಳು. ಹಲಗೆಗಳಿಗೆ ತೂತು ಮಾಡಿ ಬಳೆ ಹಾಕಿ, ಬಳೆಯ ಮೇಲೆ ವರಾಹದ ಮುದ್ರೆ, ಜೊತೆಗೆ ಸೂರ್ಯ ಚಂದ್ರ. ಮೊದಲು ದೇವತಾಸ್ತುತಿ, ಆಮೇಲೆ ವಂಶಾವಳಿ, ಆಮೇಲೆ ದಾನದ ವಿವರ, ಪಡೆದವರ ಹೆಸರು, ಗೋತ್ರ, ಪಾಲು. ಹಳ್ಳಿಯ ಎಲ್ಲೆ ಹೇಳುವಾಗ ಸಂಸ್ಕೃತವನ್ನು ಬಿಟ್ಟು ಆ ಪ್ರದೇಶದ ಆಡುಮಾತಿಗೆ ಇಳಿಯುವುದೂ ಉಂಟು. ಹುಣಸೆಮರ, ಹುತ್ತ, ಹಳ್ಳಗಳನ್ನು ಸಂಸ್ಕೃತದಲ್ಲಿ ಹೇಳಿದರೆ ನಾಳೆ ಯಾರು ಗುರುತಿಸಬೇಕು? ನಮ್ಮ ಅಡಮಾನ ಪತ್ರಗಳ ಚಕ್ಕುಬಂದಿ ಇಂದಿಗೂ ಹೀಗೆಯೇ, ಇಂಗ್ಲಿಷಿನ ನಡುವೆ ಊರಿನ ಹೆಸರುಗಳೇ. ಕೃಷ್ಣದೇವರಾಯ ಮತ್ತು ಅಚ್ಯುತರಾಯರ ಶಾಸನಗಳ ಪದ್ಯ ರಚಿಸಿದವನು ಸಭಾಪತಿ ಎಂಬ ಕವಿ, ತಾಮ್ರದ ಮೇಲೆ ಕೊರೆದವನು ಮಲ್ಲಣನ ಮಗ ವೀರಣಾಚಾರ್ಯ. ಬರಹಗಾರನ ಹೆಸರೂ, ಕಡೆದವನ ಹೆಸರೂ ದಾಖಲೆಯಲ್ಲಿ ಉಳಿದಿರುವುದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಲೆಡ್ಜರ್ ಬರೆದ ಗುಮಾಸ್ತನ ಹೆಸರು ಐದು ವರ್ಷವೂ ಉಳಿಯುವುದಿಲ್ಲ.

ಇಷ್ಟೆಲ್ಲ ಮುಗಿದು ಕಡೆಯ ಹಲಗೆಯ ಕೊನೆಯಲ್ಲಿ, ಬರಹದ ಅಕ್ಷರಕ್ಕಿಂತ ದೊಡ್ಡದಾಗಿ, ರುಜು. "ಶ್ರೀ ವಿರೂಪಾಕ್ಷ." ಅದು ನಂದಿನಾಗರಿಯಲ್ಲಿಲ್ಲ, ಕನ್ನಡ ಅಕ್ಷರದಲ್ಲಿದೆ.

ರಾಜ ತನ್ನ ಹೆಸರನ್ನು ಹಾಕುವುದಿಲ್ಲ, ಹಂಪೆಯ ದೇವರ ಹೆಸರು ಹಾಕುತ್ತಾನೆ. ರಾಜ್ಯ ವಿರೂಪಾಕ್ಷನದು, ತಾನು ಅವನ ಪರವಾಗಿ ರುಜು ಮಾಡುವವನು. ತಿರುಪತಿಯ ಭಕ್ತನಾದ ಕೃಷ್ಣದೇವರಾಯನೂ ವಿರೂಪಾಕ್ಷ ಎಂದೇ ಬರೆಸಿದ. ೧೫೬೫ರ ಯುದ್ಧದಲ್ಲಿ ಹಂಪೆ ಹೋಗಿ ರಾಜಧಾನಿ ಪೆನುಕೊಂಡೆಗೆ, ಮುಂದೆ ಚಂದ್ರಗಿರಿಗೆ ಬಂದ ಮೇಲೆ ಅರವೀಡು ವಂಶದವರ ಕಾಲದಲ್ಲಿ ಅದು "ಶ್ರೀ ವೆಂಕಟೇಶ" ಆಯಿತು. ಆಗಲೂ ರುಜುವಿನ ಲಿಪಿ ಮೇಲಿನ ಬರಹದ ಲಿಪಿಯಲ್ಲ, ಈ ನೆಲದ ಅಕ್ಷರವೇ.

ಯಾಕೆ ಹೀಗೆ? ವಿದ್ವಾಂಸರು ತಾಮ್ರಪಟಗಳನ್ನು ಪ್ರಕಟಿಸುವಾಗ "ಲಿಪಿ ನಂದಿನಾಗರಿ, ಕೊನೆಯ ರುಜು ಮಾತ್ರ ಕನ್ನಡ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನನಗೆ ಅನಿಸುವುದು ಇಷ್ಟು. ಮೇಲಿನದು ಕಚೇರಿಯ ಬರಹ, ಪಂಡಿತರದು, ಪದ್ಧತಿಯದು. ರುಜು ಮಾತ್ರ ಕೈಯದು. ಕೈ ಚಿಕ್ಕಂದಿನಲ್ಲಿ ಕಲಿತ ಅಕ್ಷರವನ್ನೇ ಬರೆಯುತ್ತದೆ. ಕಲ್ಯಾಣದುರ್ಗದ ಅಜ್ಜ ಹೇಳಿದ್ದು ಇದನ್ನೇ ಅಲ್ಲವೇ?

ಇದಕ್ಕೆ ಇನ್ನೂ ಹಳೆಯ ಸಾಕ್ಷಿ ನಮ್ಮ ಗಡಿಯ ಆಚೆ ಬದಿಯಲ್ಲೇ ಇದೆ. ಕಲ್ಯಾಣದುರ್ಗದಿಂದ ರಾಯದುರ್ಗ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಮೊಳಕಾಲ್ಮೂರು ತಾಲೂಕು. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಯ ಮೇಲೆ ಅಶೋಕನ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಮಾತು ಪ್ರಾಕೃತ, ಲಿಪಿ ಬ್ರಾಹ್ಮಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಇದನ್ನು ಬರೆದವನು ಚಪಡ ಎಂದು ಹೇಳಿ, "ಲಿಪಿಕಾರ" ಎಂಬ ತನ್ನ ಕಸುಬಿನ ಪದ ಬಂದಾಗ ಆ ಮನುಷ್ಯ ಥಟ್ಟನೆ ಲಿಪಿ ಬದಲಿಸುತ್ತಾನೆ. ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆಯುತ್ತಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಇಂದಿನ ಪಾಕಿಸ್ತಾನದ ವಾಯವ್ಯ ಮೂಲೆಯದು. ಮೊಳಕಾಲ್ಮೂರಿನ ಗುಡ್ಡದಲ್ಲಿ ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅದನ್ನು ಓದಬಲ್ಲವರು ಅವನ ಜೊತೆಗೆ ಬಂದವರನ್ನು ಬಿಟ್ಟರೆ ಯಾರಿದ್ದಾರು? ಯಾರೂ ಓದದಿದ್ದರೂ ಪರವಾಗಿಲ್ಲ, ಆ ಒಂದು ಪದ ಅವನದು. ಸರ್ಕಾರಿ ಕೆಲಸದ ಮೇಲೆ ದೂರದ ಊರಿಗೆ ವರ್ಗವಾದ ನೌಕರನೊಬ್ಬನ ರುಜು ಎಂದೇ ನಾನು ಅದನ್ನು ಓದಿಕೊಂಡಿದ್ದೇನೆ.

ನಂದಿನಾಗರಿ ಹೋದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಯಾರೂ ಅದನ್ನು ನಿಷೇಧಿಸಲಿಲ್ಲ. ಅದನ್ನು ಬೇಡುತ್ತಿದ್ದ ಅರಮನೆ ಮೊದಲು ಹೋಯಿತು. ಮಠ, ಪಾಠಶಾಲೆಗಳಲ್ಲಿ ಇನ್ನೂರು ಮುನ್ನೂರು ವರ್ಷ ಉಳಿಯಿತು. ಆಮೇಲೆ ಅಚ್ಚು ಬಂತು. ಮುಂಬಯಿಯ ನಿರ್ಣಯಸಾಗರದಂಥ ಅಚ್ಚುಕೂಟಗಳು ಸಂಸ್ಕೃತವನ್ನು ದೇವನಾಗರಿಯಲ್ಲಿ ಅಚ್ಚು ಹಾಕಿದವು. ನಮ್ಮ ಕಡೆಯವು ಕನ್ನಡ, ತೆಲುಗು ಅಕ್ಷರಗಳಲ್ಲೇ ಸಂಸ್ಕೃತ ಪುಸ್ತಕ ತಂದವು. ಸ್ತೋತ್ರವನ್ನು ಕನ್ನಡ ಅಕ್ಷರದಲ್ಲಿ ಓದಬಹುದಾದರೆ ಮಗನಿಗೆ ಇನ್ನೊಂದು ಲಿಪಿ ಕಲಿಸುವ ತಾಪತ್ರಯ ಯಾರಿಗೆ ಬೇಕು? ದೊಡ್ಡಪ್ಪನವರ ಮನೆಯಲ್ಲಿ ಆದದ್ದೂ ಅದೇ ಇರಬೇಕು. ಯಾರೋ ಒಬ್ಬ ಅಪ್ಪ ಕಲಿಸಲಿಲ್ಲ. ಅವನಿಗೆ ಅದು ನಷ್ಟ ಎಂದು ಅನಿಸಿರಲಿಕ್ಕೂ ಇಲ್ಲ.

ಅಚ್ಚಿನ ಮೊಳೆ ಸಿಗದ ಲಿಪಿ ಸಾಯುತ್ತದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಆ ತೀರ್ಮಾನವನ್ನು ಅರ್ಧ ಕೆಡಿಸಿದ್ದು ಒಂದು ಚಿಲ್ಲರೆ ನಾಣ್ಯ. ಎರಡು ವರ್ಷದ ಹಿಂದೆ ಯುರೋಪಿನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ಒಂದು ಹಿಡಿ ನಾಣ್ಯ ತಂದು ಕೌಂಟರಿನಲ್ಲಿ ಸುರಿದ. ವಿದೇಶಿ ನೋಟಾದರೆ ಬದಲಿಸಲು ದಾರಿ ಇದೆ, ನಾಣ್ಯ ತೆಗೆದುಕೊಳ್ಳುವುದಿಲ್ಲ ಎಂದೆ. ಬೇಸರದಿಂದ ಒಂದನ್ನು ನನಗೇ ಕೊಟ್ಟು ಹೋದ. ತಾಮ್ರ ಬಣ್ಣದ ೫ ಸೆಂಟು, ಕ್ರೊಯೇಷಿಯಾದ್ದು. ಆ ದೇಶ ಯೂರೋ ನಾಣ್ಯಕ್ಕೆ ಬಂದದ್ದು ೨೦೨೩ರ ಜನವರಿ ೧ರಂದು. ಅದರ ಮೇಲೆ ರಂಗೋಲಿಯ ಎಳೆಯಂತೆ ಹೆಣೆದ ಎರಡು ಅಕ್ಷರ. ರೋಮನ್ ಅಲ್ಲ, ಗ್ರೀಕ್ ಅಲ್ಲ. ದೇಶದ ಹೆಸರಿನ ಎರಡು ಅಕ್ಷರಗಳನ್ನು ಗ್ಲಾಗೊಲಿಟಿಕ್ ಎಂಬ ಹಳೆಯ ಸ್ಲಾವ್ ಲಿಪಿಯಲ್ಲಿ ಬರೆದಿದ್ದಾರೆ ಎಂದು ಹುಡುಕಿದಾಗ ತಿಳಿಯಿತು. ಅಲ್ಲಿಯ ೧, ೨, ೫ ಸೆಂಟಿನ ನಾಣ್ಯಗಳ ಮೇಲೆಲ್ಲ ಇದೇ ಇದೆ.

ಆ ಲಿಪಿಯ ಕಥೆ ಚಿಕ್ಕದಾಗಿ ಹೀಗೆ. ೯ನೆಯ ಶತಮಾನದಲ್ಲಿ, ೮೬೩ರ ಸುಮಾರಿಗೆ, ಮೊರಾವಿಯಾದ ಅರಸ ರಾಸ್ತಿಸ್ಲಾವನ ಕೋರಿಕೆಯ ಮೇಲೆ ಗ್ರೀಕ್ ನಾಡಿನಿಂದ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಧರ್ಮಪ್ರಚಾರಕ್ಕೆ ಹೋದರು. ಸ್ಲಾವರ ಮಾತಿಗೆ ಲಿಪಿ ಬೇಕೆಂದು ಸಿರಿಲ್ ಹೊಸ ಅಕ್ಷರಗಳನ್ನೇ ಕಟ್ಟಿದ. ಅವೇ ಗ್ಲಾಗೊಲಿಟಿಕ್. ಇಂದು ರಷ್ಯನ್ನರು ಬರೆಯುವ ಸಿರಿಲಿಕ್ ಆಮೇಲಿನದು. ಹೆಸರು ಮಾತ್ರ ಸಿರಿಲನದು, ಅವನು ಮಾಡಿದ ಲಿಪಿ ಅದಲ್ಲ. ಪೂರ್ವದ ಸ್ಲಾವ್ ನಾಡುಗಳಲ್ಲಿ ಸಿರಿಲಿಕ್ ಇದನ್ನು ತಳ್ಳಿಹಾಕಿತು. ಕ್ರೊಯೇಷಿಯಾದ ಕಡಲತೀರದಲ್ಲಿ ಮಾತ್ರ ಪಾದ್ರಿಗಳು ಹಿಡಿದುಕೊಂಡರು. ರೋಮಿನವರು ಲ್ಯಾಟಿನ್ನೇ ಬೇಕೆಂದಾಗ, ಇದು ನಮ್ಮ ಸಂತ ಜೆರೋಮನೇ ಕೊಟ್ಟ ಲಿಪಿ ಎಂದು ವಾದಿಸಿದರು. ವಾದ ಸುಳ್ಳು, ಜೆರೋಮ್ ನಾಲ್ಕು ಶತಮಾನಕ್ಕೂ ಹಿಂದಿನವನು. ಆದರೆ ೧೨೪೮ರಲ್ಲಿ ಪೋಪ್ ನಾಲ್ಕನೆಯ ಇನೊಸೆಂಟ್ ಸೆಞ್ ಪಟ್ಟಣದ ಬಿಷಪ್ಪನಿಗೆ ಇದೇ ಲಿಪಿಯಲ್ಲಿ ಪೂಜೆ ನಡೆಸಲು ಅಪ್ಪಣೆ ಕೊಟ್ಟ. ೧೪೮೩ರಲ್ಲಿ, ಗುಟೆನ್‌ಬರ್ಗನ ಬೈಬಲ್ ಬಂದು ಮೂವತ್ತು ವರ್ಷವೂ ಆಗದೆ, ಗ್ಲಾಗೊಲಿಟಿಕ್ ಪೂಜಾಪುಸ್ತಕ ಅಚ್ಚಾಯಿತು.

ಅಂದರೆ ಅಚ್ಚಿನ ಮೊಳೆ ಸಿಕ್ಕಿಯೂ ಆ ಲಿಪಿ ದಿನಬಳಕೆಯಿಂದ ಹೋಯಿತು, ನಿಧಾನವಾಗಿ, ೧೯ನೆಯ ಶತಮಾನದ ಹೊತ್ತಿಗೆ. ನನ್ನ ತೀರ್ಮಾನ ಕೆಟ್ಟಿತು ಎಂದದ್ದು ಇದಕ್ಕೇ. ಆದರೆ ಅಲ್ಲಿಯವರು ಅದನ್ನು ಮರೆಯಲಿಲ್ಲ. ರೋಚ್ ಮತ್ತು ಹುಮ್ ಎಂಬ ಎರಡು ಊರುಗಳ ನಡುವಿನ ಏಳು ಕಿಲೋಮೀಟರ್ ದಾರಿಯುದ್ದಕ್ಕೂ ಆ ಲಿಪಿಯ ನೆನಪಿಗೆ ಕಲ್ಲಿನ ಸ್ಮಾರಕಗಳನ್ನು ನಿಲ್ಲಿಸಿದ್ದಾರೆ. ೧೪೮೩ರ ಪುಸ್ತಕ ಅಚ್ಚಾದ ಫೆಬ್ರವರಿ ೨೨ನ್ನು ಲಿಪಿಯ ದಿನವಾಗಿ ಆಚರಿಸುತ್ತಾರೆ. ದಿನನಿತ್ಯ ಅದರಲ್ಲಿ ಯಾರೂ ಪತ್ರ ಬರೆಯುವುದಿಲ್ಲ. ನಾಣ್ಯದ ಮೇಲೆ ಮಾತ್ರ ಆ ದೇಶ ಆ ಎರಡು ಅಕ್ಷರದಲ್ಲಿ ರುಜು ಹಾಕುತ್ತದೆ. ಹಾಗೆ ನೋಡಿದರೆ ಇದು ನಮಗೆ ಹೊಸದಲ್ಲ. ವಿಜಯನಗರದ ಹೊನ್ನಿನ ವರಾಹಗಳ ಮೇಲೂ ರಾಜನ ಹೆಸರು ನಾಗರಿಯಲ್ಲಿತ್ತು, ತಾಮ್ರದ ಚಿಲ್ಲರೆಯ ಮೇಲೆ ಕನ್ನಡವೂ ಇತ್ತು.

ಈ ವಾರ್ಷಿಕದ ಓದುಗರಿಗೆ ಇದೆಲ್ಲ ದೂರದ ಕಥೆಯಲ್ಲ. ನಿಮ್ಮದು ಪಡುವಣ ಗಡಿ, ನಮ್ಮದು ಮೂಡಣ ಗಡಿ. ನಿಮ್ಮ ಮನೆಗಳ ಅಟ್ಟದಲ್ಲೂ ಇಂಥ ಕಟ್ಟುಗಳಿವೆ, ಲಿಪಿ ಮಾತ್ರ ತಿಗಳಾರಿ. ಮಲಯಾಳ ಬಲ್ಲವರಿಗೆ ಅರ್ಧ ಪರಿಚಿತ, ಕನ್ನಡ ಮಾತ್ರ ಬಲ್ಲವರಿಗೆ ಅಪರಿಚಿತ. ಬರ್ನೆಲ್ ಸಾಹೇಬ ೧೮೭೪ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ದಕ್ಷಿಣ ಭಾರತದ ಲಿಪಿಶಾಸ್ತ್ರದ ಪುಸ್ತಕದಲ್ಲಿ ಅದನ್ನು ತುಳು-ಮಲಯಾಳ ಲಿಪಿ ಎಂದೇ ಕರೆದ. ನಂದಿನಾಗರಿಯ ಮಾತೂ ಅದೇ ಪುಸ್ತಕದಲ್ಲಿದೆ. ಬಾಸೆಲ್ ಮಿಷನ್ನಿನವರು ೧೮೪೦ರ ದಶಕದಲ್ಲಿ ತುಳುವನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ ಮೇಲೆ ತಿಗಳಾರಿಗೂ ನಂದಿನಾಗರಿಯ ಗತಿಯೇ ಬರುತ್ತಿತ್ತು. ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರು ಮನೆಮನೆಯ ತಾಳೆಗರಿ ಬಿಚ್ಚಿಸಿ ವಿಷ್ಣುತುಂಗನ ತುಳು ಭಾಗವತವನ್ನು ಹೊರಗೆ ತಂದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಂದಿನಾಗರಿಯ ವಿಷಯದಲ್ಲಿ ನಾವೂ ಕೇರಳಕ್ಕೆ ಋಣಿಗಳು. ಆ ಲಿಪಿಯ ಬಗ್ಗೆ ಒಂದು ಪೂರ್ತಿ ಪುಸ್ತಕ ಬರೆದವರು ತಿರುವನಂತಪುರದ ಪಿ. ವಿಶಾಲಾಕ್ಷಿಯವರು, ೨೦೦೩ರಲ್ಲಿ ಅಲ್ಲಿಯ ದ್ರಾವಿಡ ಭಾಷಾವಿಜ್ಞಾನ ಸಂಘ ಪ್ರಕಟಿಸಿತು. ಕನ್ನಡ ಅರಸರ ಲಿಪಿಯ ಪುಸ್ತಕ ಮಲಯಾಳ ನಾಡಿನಿಂದ ಬಂತು ಎಂದು ನನಗೆ ಸ್ವಲ್ಪ ಸಂಕೋಚ, ಹೆಚ್ಚು ಸಂತೋಷ.

ಈಗ ಕಂಪ್ಯೂಟರಿನ ಕಾಲದಲ್ಲಿ ಲಿಪಿಗಳಿಗೆ ಇನ್ನೊಂದು ಬಾಗಿಲು ತೆರೆದಿದೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆಯೊಳಕ್ಕೆ ಗ್ಲಾಗೊಲಿಟಿಕ್ ೨೦೦೫ರಲ್ಲಿ ಸೇರಿತು, ನಂದಿನಾಗರಿ ೨೦೧೯ರಲ್ಲಿ, ತಿಗಳಾರಿ ೨೦೨೪ರಲ್ಲಿ. ನಂದಿನಾಗರಿಯ ಫಾಂಟು ಉಚಿತವಾಗಿ ಸಿಗುತ್ತದೆ. ಅಂದು ಅಚ್ಚಿನಲ್ಲಿ ಸಿಗದ ಸ್ಥಾನ ಇನ್ನೂರು ವರ್ಷ ತಡವಾಗಿ ಸಿಕ್ಕಂತಾಯಿತು, ಬರೆಯುವ ಕೈ ಇಲ್ಲದ ಹೊತ್ತಿನಲ್ಲಿ.

ಬರೆಯುವ ಕೈ ಎಂದಾಗ ನನ್ನ ಮನೆಯದನ್ನೂ ಹೇಳಬೇಕು. ಮಗಳು ಒಂಬತ್ತನೆಯ ತರಗತಿ. ಇಂಗ್ಲಿಷ್ ಮಾಧ್ಯಮ, ಎರಡನೆಯ ಭಾಷೆ ತೆಲುಗು. ಅವಳ ಕನ್ನಡ ಮಾತು ನನ್ನದಕ್ಕಿಂತ ಚುರುಕು, ಅಕ್ಷರ ಬರುತ್ತಿರಲಿಲ್ಲ. ಅಜ್ಜಿಗೆ ಫೋನಿನಲ್ಲಿ ಕನ್ನಡ ಮಾತನ್ನೇ ತೆಲುಗು ಅಕ್ಷರದಲ್ಲಿ ಬರೆದು ಕಳಿಸುತ್ತಾಳೆ. ಹಿಂದೂಪುರದ ಎಷ್ಟೋ ಕನ್ನಡ ಮನೆಗಳಲ್ಲಿ ಹೀಗೆಯೇ. ೧೯೫೩ರಲ್ಲಿ ಆಂಧ್ರ ರಾಜ್ಯವಾದಾಗ, ೧೯೫೬ರಲ್ಲಿ ನಿಮ್ಮ ಕಾಸರಗೋಡು ಕೇರಳಕ್ಕೆ ಹೋದಾಗ ಕಳೆದುಕೊಂಡದ್ದರ ಬಗ್ಗೆ ಹಿರಿಯರು ಬೇಕಾದಷ್ಟು ಬರೆದಿದ್ದಾರೆ. ೨೦೨೨ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇದರಿಂದ ಅಕ್ಷರಕ್ಕೆ ಏನೂ ಆಗಲಿಲ್ಲ. ಅಕ್ಷರ ಹೋಗುವುದು ಮನೆಯ ಊಟದ ಹೊತ್ತಿನಲ್ಲಿ, "ಅದೊಂದು ಯಾಕೆ ಹೆಚ್ಚಿಗೆ ಹೊರೆ" ಎಂಬ ಮಾತಿನಲ್ಲಿ. ಆ ಮಾತನ್ನು ನಾನೂ ಆಡಿದ್ದೇನೆ.

ಹಸ್ತಪ್ರತಿಯ ಅಕ್ಷರ ಪಟ್ಟಿ ಮಾಡುತ್ತಿದ್ದಾಗ ಮಗಳು ಪಕ್ಕದಲ್ಲಿ ಕೂತಳು. ಒಂದು ಅಕ್ಷರ ನಂದಿನಾಗರಿ, ಪಕ್ಕದಲ್ಲಿ ನಾನು ಕನ್ನಡದಲ್ಲಿ ಬರೆದುಕೊಂಡದ್ದು. ಅವಳಿಗೆ ಎರಡೂ ಬರದು. "ಅಪ್ಪಾ, ಕನ್ನಡ ಅಂದ್ರೆ ತೆಲುಗಿಗೆ ಬೇರೆ ಟೋಪಿ ಅಷ್ಟೇ" ಎಂದಳು. ಹತ್ತು ದಿನದಲ್ಲಿ ಓದತೊಡಗಿದಳು. ಹಿಂದೊಮ್ಮೆ ಎರಡೂ ಒಂದೇ ಲಿಪಿಯಾಗಿದ್ದವು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅವಳು ಟೋಪಿಯಲ್ಲಿ ಕಂಡುಕೊಂಡಳು.

ಕಟ್ಟನ್ನು ಓದಿ ಮುಗಿಸಲು ಎರಡು ತಿಂಗಳು ಹಿಡಿಯಿತು. ಮಧ್ವಾಚಾರ್ಯರ ದ್ವಾದಶಸ್ತೋತ್ರ, ಆಮೇಲೆ ಒಂದಷ್ಟು ಪೂಜಾವಿಧಿ. ಹೊಸದೇನೂ ಇಲ್ಲ, ಎಲ್ಲವೂ ಅಚ್ಚಿನಲ್ಲಿ ಸಿಗುವುದೇ. ದೊಡ್ಡಪ್ಪನವರಿಗೆ ಓದಿ ಹೇಳಿದೆ. ದಿನವೂ ಬಾಯಲ್ಲಿ ಹೇಳುವ ಸ್ತೋತ್ರವೇ ಇಷ್ಟು ವರ್ಷ ಕೆಂಪು ಬಟ್ಟೆಯೊಳಗೆ ಇತ್ತು ಎಂದು ತಿಳಿದು ಅವರು ನಕ್ಕುಬಿಟ್ಟರು. ಕೊನೆಯ ಹಾಳೆಯ ಹಿಂಬದಿ ಖಾಲಿ ಎಂದುಕೊಂಡಿದ್ದೆ. ಬೆಳಕಿಗೆ ಹಿಡಿದಾಗ ಮಸಕಾದ ಒಂದು ಸಾಲು ಕಂಡಿತು. ಅದನ್ನು ಬಿಡಿಸಿದವಳು ಮಗಳು, ಏಕೆಂದರೆ ಅದು ಕನ್ನಡದಲ್ಲಿತ್ತು. ಪಕ್ಕದ ಮನೆಯವರಿಗೆ ಎರಡು ಖಂಡುಗ ರಾಗಿ ಕಡ ಕೊಟ್ಟ ಲೆಕ್ಕ, ಕೆಳಗೆ ರುಜು.

"ಅವರು ವಾಪಸ್ ಕೊಟ್ಟರೋ ಇಲ್ಲವೋ?" ಎಂದು ದೊಡ್ಡಪ್ಪನವರು ಗಂಭೀರವಾಗಿ ಕೇಳಿದರು. ಹಾಳೆಯನ್ನು ತಿರುಗಿಸಿ ನೋಡಿದೆ. ಜಮೆಯ ಸಾಲು ಎಲ್ಲೂ ಇರಲಿಲ್ಲ.